ಹೋಂಸ್ಟೇ ಪ್ರಶ್ನೋತ್ತರ: ಒಂದೇ ಕೋಣೆಗೆ ಎರಡು ಬುಕಿಂಗ್

ಪ್ರಶ್ನೆ: ಗೋಕರ್ಣದಲ್ಲಿ ನಮ್ಮದು ಮೂರು ಕೋಣೆಗಳ ಹೋಂಸ್ಟೇ. ಎರಡು ಬುಕಿಂಗ್ ತಾಣಗಳಲ್ಲಿ ಹಾಕಿದ್ದೇವೆ, ಕ್ಯಾಲೆಂಡರ್‌ಗಳನ್ನು ಜೋಡಿಸಿದ್ದೇವೆ. ಆದರೂ ಶಿವರಾತ್ರಿಗೆ ಒಂದೇ ಕೋಣೆಗೆ ಎರಡು ಕುಟುಂಬ ಬಂದು ನಿಂತವು. ಎಲ್ಲಿ ಎಡವಿದ್ದೇವೆ?

ಉತ್ತರ: ನೀವು ಜೋಡಿಸಿದ್ದು ಐಕ್ಯಾಲ್ ಲಿಂಕ್ (ಒಂದು ತಾಣದ ಕ್ಯಾಲೆಂಡರನ್ನು ಇನ್ನೊಂದಕ್ಕೆ ತೋರಿಸುವ ವೆಬ್ ವಿಳಾಸ) ಮೂಲಕ ಇರಬೇಕು. ಅದು ತಕ್ಷಣ ಸುದ್ದಿ ಮುಟ್ಟಿಸುವುದಿಲ್ಲ. ಒಂದು ತಾಣ ಇನ್ನೊಂದರ ಕ್ಯಾಲೆಂಡರನ್ನು ಕೆಲವು ಗಂಟೆಗೊಮ್ಮೆ ಓದಿಕೊಳ್ಳುತ್ತದೆ, ಅಷ್ಟೇ. ಬೆಳಿಗ್ಗೆ 10ಕ್ಕೆ ಇಲ್ಲಿ ಬುಕ್ ಆದ ಕೋಣೆ ಅಲ್ಲಿ ಮಧ್ಯಾಹ್ನದವರೆಗೂ ಖಾಲಿ ಎಂದೇ ಕಾಣಬಹುದು. ಜನಸಂದಣಿ ಇಲ್ಲದ ದಿನಗಳಲ್ಲಿ ಇದು ಗಮನಕ್ಕೇ ಬರುವುದಿಲ್ಲ. ಶಿವರಾತ್ರಿಗೆ, ಡಿಸೆಂಬರ್ ಕೊನೆಯ ವಾರಕ್ಕೆ ಆ ಸಂದಿಯಲ್ಲೇ ಎರಡನೆಯವರು ನುಗ್ಗುತ್ತಾರೆ. ಅಂಥ ದಿನಗಳಲ್ಲಿ ಒಂದು ಕಡೆ ಬುಕಿಂಗ್ ಬಂದ ಕೂಡಲೇ ಇನ್ನೊಂದು ಕಡೆ ಕೈಯಾರೆ ಬ್ಲಾಕ್ ಮಾಡಿ. ಅದೇ ದಿನದ ಬುಕಿಂಗ್ ತೆಗೆದುಕೊಳ್ಳದೆ ಕನಿಷ್ಠ ಒಂದು ದಿನದ ಮುನ್ಸೂಚನೆ ಇಟ್ಟರೆ ಅಪಾಯ ಕಡಿಮೆ. ಫೋನಿನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಒಪ್ಪಿಕೊಂಡ ಬುಕಿಂಗನ್ನು ನೀವೇ ಎರಡೂ ಕಡೆ ಬ್ಲಾಕ್ ಮಾಡದಿದ್ದರೆ ಯಾವ ಲಿಂಕೂ ಉಳಿಸುವುದಿಲ್ಲ.

ಜೋಡಣೆಯನ್ನೂ ಒಮ್ಮೆ ಪರೀಕ್ಷಿಸಿ. ಮೂರು ಕೋಣೆ, ಎರಡು ತಾಣ ಅಂದರೆ ಒಟ್ಟು ಆರು ಲಿಂಕ್. ಇಲ್ಲಿಯದು ಅಲ್ಲಿಗೆ, ಅಲ್ಲಿಯದು ಇಲ್ಲಿಗೆ, ಪ್ರತಿ ಕೋಣೆಗೂ ಬೇರೆ ಬೇರೆ. ಒಂದೇ ಕಡೆ ಅಂಟಿಸಿ ಬಿಟ್ಟವರೇ ಹೆಚ್ಚು. ಒಂದನೇ ಕೋಣೆಯ ಲಿಂಕು ಎರಡನೆಯದಕ್ಕೆ ಅಂಟಿರುವುದೂ ಉಂಟು. ನೋಡುವುದು ಸುಲಭ: ಮೂರು ತಿಂಗಳ ಮುಂದಿನ ಯಾವುದಾದರೂ ಖಾಲಿ ದಿನವನ್ನು ಒಂದು ಕೋಣೆಗೆ ಬ್ಲಾಕ್ ಮಾಡಿ, ಮರುದಿನ ಇನ್ನೊಂದು ತಾಣದಲ್ಲಿ ಅದೇ ಕೋಣೆ ಮುಚ್ಚಿದೆಯೇ ನೋಡಿ. ಆಮೇಲೆ ತೆರೆಯಲು ಮರೆಯಬೇಡಿ. ಮೂರೂ ಕೋಣೆಯನ್ನು ‘ಒಂದೇ ಬಗೆಯ ಮೂರು’ ಎಂದು ಸೇರಿಸಿ ಹಾಕಿದ್ದರೆ ಐಕ್ಯಾಲ್ ನಿಮಗೆ ಹೊಂದುವುದಿಲ್ಲ. ಅದಕ್ಕೆ ದಿನ ತುಂಬಿದೆಯೋ ಇಲ್ಲವೋ ಎಂಬುದಷ್ಟೇ ಗೊತ್ತು, ಎಷ್ಟು ಕೋಣೆ ಉಳಿದಿದೆ ಎಂಬ ಎಣಿಕೆ ಗೊತ್ತಿಲ್ಲ. ಹಾಗಿದ್ದಾಗ ತಿಂಗಳ ಬಾಡಿಗೆ ಕೊಟ್ಟು ಚಾನೆಲ್ ಮ್ಯಾನೇಜರ್ (ಎಲ್ಲ ತಾಣಗಳ ಬುಕಿಂಗನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ತಂತ್ರಾಂಶ) ತೆಗೆದುಕೊಳ್ಳುವುದೇ ಲೇಸು.

ಅಂದಹಾಗೆ, 12ರಿಂದ 14ರ ಬುಕಿಂಗ್‌ಗೆ 12 ಮತ್ತು 13 ಮಾತ್ರ ಮುಚ್ಚಿ 14 ತೆರೆದಿದ್ದರೆ ಅದು ದೋಷವಲ್ಲ. ಕ್ಯಾಲೆಂಡರ್ ಲೆಕ್ಕ ಹಾಕುವುದು ರಾತ್ರಿಗಳನ್ನು. 14ನ್ನೂ ಮುಚ್ಚಿದರೆ ಒಂದು ರಾತ್ರಿಯ ಬಾಡಿಗೆ ಸುಮ್ಮನೆ ಹೋಗುತ್ತದೆ.

ಪ್ರಶ್ನೆ: ಗೆಸ್ಟ್ ಇನ್ನೊಂದು ರಾತ್ರಿ ಇರುತ್ತೇನೆ, ಹಣ ಗೂಗಲ್ ಪೇ ಮಾಡುತ್ತೇನೆ ಅನ್ನುತ್ತಾರೆ. ಕಮಿಷನ್ನೂ ಉಳಿಯುತ್ತದೆ. ತೆಗೆದುಕೊಳ್ಳಬಹುದೇ? (ಕುಮಟಾದಿಂದ)

ಉತ್ತರ: ಬೇಡ. ತಾಣದ ಮೂಲಕ ಬಂದವರಿಂದ ಹೊರಗೆ ಹಣ ಪಡೆಯುವುದು ಏರ್‌ಬಿಎನ್‌ಬಿ ನಿಯಮಕ್ಕೆ ವಿರುದ್ಧ. ಆ ರಾತ್ರಿ ಟಿವಿ ಒಡೆದರೆ ಆ ತಾಣದ ಹಾನಿ ಪರಿಹಾರವೂ ಸಿಗದು. ಅದಕ್ಕಿಂತ ಮುಖ್ಯ, ತಾಣದ ಕಣ್ಣಿಗೆ ಆ ರಾತ್ರಿ ಖಾಲಿಯೇ. ಬೇರೆಯವರು ಬುಕ್ ಮಾಡಿಬಿಡುತ್ತಾರೆ.

ವಿಸ್ತರಣೆಯನ್ನು ಹೊಸ ಬುಕಿಂಗ್ ಎಂದೇ ಎಣಿಸಿ. ‘ಆಯ್ತು’ ಅನ್ನುವ ಮೊದಲು ಎರಡೂ ಕ್ಯಾಲೆಂಡರ್ ನೋಡಿ, ಇನ್ನೊಂದು ತಾಣದಲ್ಲಿ ಆ ರಾತ್ರಿ ಬ್ಲಾಕ್ ಮಾಡಿ. ಆಮೇಲೆ ಆ ಬುಕಿಂಗ್ ತೆರೆದು ಬದಲಾವಣೆ ಕೋರಿಕೆಯಲ್ಲಿ ಚೆಕ್-ಔಟ್ ದಿನಾಂಕ ಮುಂದೂಡಿ, ಮೊತ್ತ ಓದಿ ಕಳಿಸಿ. ಶನಿವಾರದ ದರ ಹೆಚ್ಚಿದ್ದರೆ ಮೊತ್ತವೂ ಏರಿರುತ್ತದೆ, ಗೆಸ್ಟ್‌ಗೆ ಮೊದಲೇ ಹೇಳಿ. ಅವರು ಒಪ್ಪಿಕೊಳ್ಳುವ ತನಕ ಏನೂ ಖಾತ್ರಿಯಲ್ಲ. ‘ಕಳಿಸಿದ್ದೇನೆ, ಈಗಲೇ ಒತ್ತಿ’ ಎಂದು ಎದುರಿಗೆ ನಿಂತು ಮಾಡಿಸುವುದೇ ಒಳ್ಳೆಯದು. ಕೋಣೆ ಬದಲಿಸಬೇಕಾದರೆ ಎರಡನೇ ಕೋಣೆಗೆ ಬೇರೆ ಬುಕಿಂಗ್ ಮಾಡಿಸಿ. ವಿದೇಶಿ ಅತಿಥಿಯಾದರೆ ವೀಸಾ ಅವಧಿ ನೋಡಿ. ಅವರು ಬಂದ 24 ಗಂಟೆಯೊಳಗೆ ಸರ್ಕಾರಕ್ಕೆ ಮಾಹಿತಿ ಸಲ್ಲಿಸುವಾಗ ಕೊಟ್ಟ ಹೊರಡುವ ದಿನಾಂಕ ಈಗ ಬದಲಾಗಿದೆ, ನೆನಪಿರಲಿ.

ಚಾದರದ ಲೆಕ್ಕವೂ ಇದೆ. ಜೂನ್-ಜುಲೈನಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದಿಲ್ಲ. ಹಾಸಿಗೆಗೆ ಮೂರು ಜೊತೆ ಇಲ್ಲದಿದ್ದರೆ ಬೆನ್ನುಬೆನ್ನಿಗೆ ಬುಕಿಂಗ್ ಒಪ್ಪಬೇಡಿ. ಏರ್‌ಬಿಎನ್‌ಬಿಯ ತಯಾರಿ ಸಮಯ ಹಾಕಿದರೆ ಬುಕಿಂಗ್‌ನ ಹಿಂದೆ ಮುಂದೆ ಒಂದೊಂದು ರಾತ್ರಿ ತಾನಾಗಿ ಮುಚ್ಚುತ್ತದೆ. ಮಳೆಗಾಲಕ್ಕೆ ಸರಿ, ಸೀಸನ್ ಬಂದಾಗ ತೆಗೆದುಬಿಡಿ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮ ತೋಟದ ಮನೆಗೆ ಮಳೆಗಾಲದಲ್ಲಿ ನೆಟ್‌ವರ್ಕೇ ಇರುವುದಿಲ್ಲ. ರಸ್ತೆ ಬಂದಾಗಿ ಗೆಸ್ಟ್ ಹೊರಡಲಾಗದೆ ಉಳಿದರೆ, ಮುಂದಿನವರು ಬಂದರೆ?

ಉತ್ತರ: ನೆಟ್‌ವರ್ಕ್ ಇಲ್ಲದ ಕಡೆ ತಕ್ಷಣ ಬುಕ್ ಆಗುವ ಸೌಲಭ್ಯ ಆಫ್ ಮಾಡಿ. ಏರ್‌ಬಿಎನ್‌ಬಿಯಲ್ಲಿ ಕೋರಿಕೆಗೆ ಉತ್ತರಿಸಲು 24 ಗಂಟೆ ಇರುತ್ತದೆ, ಪೇಟೆಗೆ ಹೋದಾಗ ನೋಡಿದರೂ ಸಾಕು. ಪೇಟೆಯಲ್ಲಿರುವ ಮಗನನ್ನೋ ತಂಗಿಯನ್ನೋ ಸಹ-ಹೋಸ್ಟ್ ಮಾಡಿದರೆ ಇನ್ನೂ ನಿರಾಳ.

ರಸ್ತೆ ವಿಷಯಕ್ಕೆ ಬಂದರೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರು ಬಳಿ ಗುಡ್ಡ ಕುಸಿದು ರಾಷ್ಟ್ರೀಯ ಹೆದ್ದಾರಿ 66 ಬಂದಾದಾಗ ಹೊರಡುವವರಷ್ಟೇ ಅಲ್ಲ, ಬರುವವರೂ ಸಿಕ್ಕಿಬಿದ್ದರು. ಹಾಗಾಗಿ ಉಳಿದ ಗೆಸ್ಟ್‌ಗೆ ಇಲ್ಲ ಅನ್ನುವ ಮುಂಚೆ ಮುಂದಿನವರಿಗೆ ಫೋನ್ ಮಾಡಿ. ಬರುವುದಿಲ್ಲವೆಂದರೆ ರದ್ದು ಅವರ ಕಡೆಯಿಂದಲೋ ತಾಣದ ಸಹಾಯವಾಣಿಯಿಂದಲೋ ಆಗಲಿ. ನೀವೇ ರದ್ದು ಮಾಡಿದರೆ ದಂಡ ಬೀಳಬಹುದು, ಆ ದಿನಾಂಕವೂ ಮುಚ್ಚಿಹೋಗಬಹುದು. ಆಗ ಉಳಿದ ಗೆಸ್ಟ್‌ಗೆ ಅದೇ ರಾತ್ರಿ ವಿಸ್ತರಿಸಿ ಕೊಡುವುದೂ ಕಷ್ಟ.