ವಿಶ್ವಸಂಸ್ಥೆ, ಆಫ್ರಿಕನ್ ಯೂನಿಯನ್ ಇವುಗಳಲ್ಲಿ ನಿಜವಾಗಿ ಶಾಂತಿ ತರುವುದು ಯಾವುದು? ಎಂ.ಎ. ಮುಗಿಸಿದ್ದೇನೆ, ಸಾಲ ಮಾಡಿ ಜಿನೀವಾದಲ್ಲಿ ಇನ್ನೊಂದು ಕೋರ್ಸ್ ಮಾಡಿ ಸೇರಬಹುದಾ?

2011ರಲ್ಲಿ ಕಾಂಗೋಗೆ ಹೊರಡುವಾಗ ನನ್ನ ತಲೆಯಲ್ಲಿದ್ದದ್ದೂ ಇದೇ. ನಾನು ಕೊಡಗಿನವನು, ಸೇನೆಯಲ್ಲಿದ್ದೆ. ನಮ್ಮ ಕಡೆ ಜನರಲ್ ತಿಮ್ಮಯ್ಯನವರ ಕಥೆ ಕೇಳದೆ ಬೆಳೆದವರಿಲ್ಲ. 1953ರಲ್ಲಿ ಕೊರಿಯಾ ಯುದ್ಧ ನಿಂತ ಮೇಲೆ ತಮ್ಮ ದೇಶಕ್ಕೆ ವಾಪಸ್ ಹೋಗಲು ಒಪ್ಪದ 22,000ಕ್ಕೂ ಜಾಸ್ತಿ ಕೈದಿಗಳ ವಿಷಯ ನೋಡಿಕೊಂಡ ಆಯೋಗಕ್ಕೆ ಅವರೇ ಅಧ್ಯಕ್ಷರು. 1965ರಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ ತೀರಿಕೊಂಡರು. ಹಾಗಾಗಿ ವಿಶ್ವಸಂಸ್ಥೆಯ ಸೈನಿಕರ ನೀಲಿ ಹೆಲ್ಮೆಟ್ ಹೋದ ಕಡೆ ಶಾಂತಿ ಬರುತ್ತದೆ ಅಂತಲೇ ನಾನು ನಂಬಿದ್ದೆ.

ನಮ್ಮನ್ನು ಹಾಕಿದ್ದು ಉತ್ತರ ಕಿವು ಪ್ರಾಂತ್ಯಕ್ಕೆ. ಗುಡ್ಡ, ಬಾಳೆ, ಕಾಫಿ ಗಿಡ. ಮೊದಲ ದಿನ ಊರಿಗೇ ಬಂದ ಹಾಗಿತ್ತು. ಆದರೆ ಆ ಒಂದು ಪ್ರಾಂತ್ಯವೇ ಕರ್ನಾಟಕದ ಮೂರನೇ ಒಂದು ಭಾಗದಷ್ಟಿದೆ. ಇಡೀ ಕಾಂಗೋ ಕರ್ನಾಟಕದ 12 ಪಟ್ಟು. ಅಷ್ಟಕ್ಕೂ ಸೇರಿ ಮೊನುಸ್ಕೊ, ಅಂದರೆ ಕಾಂಗೋದಲ್ಲಿನ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಸೈನಿಕರು 20,000ದ ಒಳಗೆ.

ಬೇಸ್‌ನಿಂದ ಎರಡು ಗಂಟೆ ದೂರದ ಹಳ್ಳಿಯಲ್ಲಿ ವಾರಕ್ಕೊಂದು ಸಂತೆ. ಹೆಂಗಸರು ಮರಗೆಣಸು, ಕಾಳು, ತಾಳೆ ಎಣ್ಣೆ ಹೊತ್ತು ಬರುತ್ತಿದ್ದರು. ದಾರಿಯಲ್ಲಿ ಬಂದೂಕಿನವರು ಬಿದಿರು ಅಡ್ಡ ಕಟ್ಟಿ, ಹೊರೆಗೆ ಇಷ್ಟು ಅಂತ ವಸೂಲಿ ಮಾಡುತ್ತಿದ್ದರು. ನಾವು ಗಸ್ತು ಹೋದ ದಿನ ಬಿದಿರು ಇರುತ್ತಿರಲಿಲ್ಲ.

ಒಂದು ಸಂತೆ ದಿನ ಕಾಳು ಮಾರುವ ಹೆಂಗಸೊಬ್ಬರು ನಮ್ಮ ದುಭಾಷಿಯ ಹತ್ತಿರ ಮೆಲ್ಲಗೆ ಮಾತಾಡಿದರು. ಬಿದಿರು ಕಟ್ಟುವವರು ಯಾರು, ಯಾವ ಹೊತ್ತಿಗೆ ಬರುತ್ತಾರೆ ಅಂತ ಆಕೆಗೆ ಗೊತ್ತಿತ್ತು. ನನಗೆ ಬಹಳ ಖುಷಿಯಾಯಿತು. ಅಲ್ಲೇ ನೋಟ್‌ಬುಕ್ ತೆಗೆದೆ. ಹೆಸರೇನು, ಗಂಡನ ಹೆಸರೇನು, ಮನೆ ಎಲ್ಲಿ ಅಂತ ಒಂದೊಂದಾಗಿ ಕೇಳಿ ಬರೆದುಕೊಂಡೆ. ಆ ಬಂದೂಕಿನವರು ಯಾವ ಗುಡ್ಡದಿಂದ ಇಳಿಯುತ್ತಾರೆ ಅಂತ ಕೇಳಿದೆ. ಆಕೆ ಕೈ ಎತ್ತಿ ತೋರಿಸಿದರು. ಸುತ್ತ ನಲವತ್ತು ಜನ ನಿಂತಿದ್ದರು.

ನಾನು ಮಾಡಿದ್ದು ಇಷ್ಟೇ. ಬರೆದುಕೊಂಡರೆ ಗೌರವ ಕೊಟ್ಟ ಹಾಗೆ, ಮಾತನ್ನು ಹಗುರವಾಗಿ ತೆಗೆದುಕೊಂಡಿಲ್ಲ ಅಂತ ತೋರಿಸಿದ ಹಾಗೆ ಅಂದುಕೊಂಡಿದ್ದೆ. ಆದರೆ ಆ ನಲವತ್ತು ಜನರಲ್ಲಿ ಬಂದೂಕಿನವರ ತಮ್ಮ ಇರಬಹುದು, ಭಾವ ಇರಬಹುದು. ಇದು ನನಗೆ ಹೊಳೆಯಲೇ ಇಲ್ಲ. ದುಭಾಷಿ ಬೇರೆ ಪಂಗಡದವನು. ಆತನ ಎದುರು ಆಕೆ ಎಷ್ಟು ಹೇಳಬಹುದು, ಎಷ್ಟು ಹೇಳಬಾರದು ಅಂತಲೂ ಯೋಚಿಸಲಿಲ್ಲ. ಆಕೆ ಯಾಕೆ ಮೆಲ್ಲಗೆ ಮಾತಾಡಿದರು? ಆ ಒಂದು ಸುಳಿವೇ ಸಾಕಿತ್ತು. ನಾನು ಅದನ್ನೇ ದುಭಾಷಿಯ ಬಾಯಲ್ಲಿ ಜೋರಾಗಿ ಹೇಳಿಸಿದೆ. ಎಲ್ಲಕ್ಕಿಂತ ದೊಡ್ಡದು, ನಮ್ಮ ಗಾಡಿಗಳು ಸಂಜೆ ನಾಲ್ಕಕ್ಕೆ ಹೊರಟುಬಿಡುತ್ತಿದ್ದವು. ಆಕೆ ರಾತ್ರಿಯೂ ಅಲ್ಲೇ ಮಲಗಬೇಕಿತ್ತು.

ಮುಂದಿನ ವಾರ ಆಕೆಯ ಜಾಗ ಖಾಲಿ. ‘ಇಂಡಿಯಾದವನು ಬರೆದುಕೊಂಡ ಹೆಂಗಸು ಎಲ್ಲಿ’ ಅಂತ ಯಾರೋ ರಾತ್ರಿ ಮನೆ ಹುಡುಕಿಕೊಂಡು ಬಂದಿದ್ದರಂತೆ. ಅಷ್ಟರಲ್ಲಿ ಆಕೆ ಮಕ್ಕಳನ್ನು ಕರೆದುಕೊಂಡು ಪ್ರಾಂತ್ಯದ ರಾಜಧಾನಿ ಗೋಮಾ ಕಡೆಗೆ ಹೋಗಿದ್ದರು. ಜೀವ ಉಳಿಯಿತು. ಮನೆ, ಹೊಲ, ಆ ಸಲದ ಬೆಳೆ ಎಲ್ಲ ಹೋಯಿತು. ಆಮೇಲೆ ನಾಲ್ಕು ತಿಂಗಳು ಆ ಹಳ್ಳಿಯಲ್ಲಿ ಯಾರೂ ನಮ್ಮ ಜೊತೆ ಮಾತಾಡಲಿಲ್ಲ.

ಮಾತು ಮತ್ತೆ ಶುರುವಾಗಿದ್ದು ಕಾಂಗೋದವರೇ ಆದ ಒಬ್ಬ ಸಂಪರ್ಕ ಸಹಾಯಕರಿಂದ. ಇಂಥವರನ್ನು ಮೊನುಸ್ಕೊ ಸೈನಿಕರ ಜೊತೆ ಇರಲೆಂದೇ ನೇಮಿಸಿಕೊಳ್ಳುತ್ತದೆ. ಅವರು ಮೊದಲು ನನ್ನ ನೋಟ್‌ಬುಕ್ ಗಾಡಿಯಲ್ಲೇ ಬಿಡಿಸಿದರು. ಸಂತೆಯಲ್ಲಿ ಒಬ್ಬರನ್ನು ಮಾತಾಡಿಸಿದರೆ ಇನ್ನೂ ಹತ್ತು ಜನರನ್ನು ಅಷ್ಟೇ ಹೊತ್ತು ಮಾತಾಡಿಸು ಅಂದರು. ಮುಖ್ಯ ವಿಷಯ ಫೋನಿನಲ್ಲಿ, ಅದೂ ಹಳ್ಳಿಯವರಾಗಿಯೇ ಮಾಡಿದಾಗ ಮಾತ್ರ. ಅಲ್ಲಿನವರ ಸ್ವಾಹಿಲಿ ಭಾಷೆಯಲ್ಲಿ ನನಗೆ ಆಗ ಬರುತ್ತಿದ್ದದ್ದು ‘ಜಾಂಬೊ’ (ನಮಸ್ಕಾರ), ‘ಅಸಾಂತೆ’ (ಧನ್ಯವಾದ) ಅಷ್ಟೇ. ಶಾಂತಿಗೆ ಅವರು ‘ಅಮಾನಿ’ ಅನ್ನುತ್ತಾರೆ. ನಮ್ಮ ಹಿಂದಿಯ ‘ಅಮನ್’ ಕೂಡ ಅದೇ ಅರಬ್ಬಿ ಮೂಲದ್ದು. ಇದು ಗೊತ್ತಾಗಲು ನನಗೆ ಆರು ತಿಂಗಳು ಬೇಕಾಯಿತು.

ಈಗ ನಿಮ್ಮ ಪ್ರಶ್ನೆ. ಯಾವ ಸಂಸ್ಥೆ ಶಾಂತಿ ತರುತ್ತದೆ ಅಂತ ಕೇಳುವುದೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ. ವಿಶ್ವಸಂಸ್ಥೆಗೆ ಸ್ವಂತ ಸೇನೆ ಇಲ್ಲ. ನಿರ್ಣಯ ಆಗುವುದು ನ್ಯೂಯಾರ್ಕ್‌ನ ಭದ್ರತಾ ಮಂಡಳಿಯಲ್ಲಿ, ಹುಡುಗರು ಹೋಗುವುದು ಭಾರತ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನದಂಥ ದೇಶಗಳಿಂದ. ಸೊಮಾಲಿಯಾದಲ್ಲಿ ಆಫ್ರಿಕನ್ ಯೂನಿಯನ್ ಹೆಸರಲ್ಲಿ ಉಗಾಂಡ, ಬುರುಂಡಿಯ ಹುಡುಗರು ಹೋದರು. ಇವರು ರಸ್ತೆ ತೆರೆದಿಡಬಹುದು, ಒಂದಿಷ್ಟು ಸಮಯ ಕೊಡಬಹುದು. ರಾಜಿ ಮಾಡಿಕೊಳ್ಳಬೇಕಾದವರು ಅಲ್ಲಿನವರೇ. ನಾನು ಊರಿಗೆ ಬಂದ ಮೇಲೆ, 2012ರ ನವೆಂಬರ್‌ನಲ್ಲಿ, ವಿಶ್ವಸಂಸ್ಥೆಯ ಪಡೆ ಇದ್ದಾಗಲೇ ಎಂ23 ಅನ್ನುವ ಬಂಡುಕೋರರ ಗುಂಪು ಗೋಮಾ ಹಿಡಿಯಿತು. 2013ರಲ್ಲಿ ಭದ್ರತಾ ಮಂಡಳಿ ದಾಳಿ ಮಾಡುವ ಅಧಿಕಾರ ಇರುವ ಬ್ರಿಗೇಡ್ ಕೊಟ್ಟಿತು, ಆ ಗುಂಪು ಸೋತಿತು. 2025ರ ಜನವರಿಯಲ್ಲಿ ಅದೇ ಎಂ23 ಮತ್ತೆ ಗೋಮಾ ಹಿಡಿಯಿತು. ಹಾಗಂತ ಎಲ್ಲ ದಂಡ ಅಂತ ನಾನು ಒಪ್ಪುವುದಿಲ್ಲ. ನಾವು ನಿಂತ ಸಂತೆ ದಿನ ಹೆಂಗಸರು ಕಾಳು ಮಾರಿ, ದುಡ್ಡು ಕೈಯಲ್ಲಿ ಹಿಡಿದು ಮನೆಗೆ ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಅದು ಸಣ್ಣದಲ್ಲ.

ಜಿನೀವಾ ಕೋರ್ಸಿಗೆ ಸಾಲ ಮಾಡಬೇಡಿ, ಈಗಂತೂ ಬೇಡ. ಒಂದು ವರ್ಷ ಫ್ರೆಂಚ್, ಸ್ವಾಹಿಲಿ ಕಲಿಯಿರಿ. ಜನರ ಜಗಳದ ನಡುವೆ ಕೂತು ಕೆಲಸ ಮಾಡುವ ಯಾವುದಾದರೂ ಸಂಸ್ಥೆಯಲ್ಲಿ ಇಲ್ಲೇ ಸೇರಿ, ಸುಮ್ನೆ ಕೇಳಿಸಿಕೊಳ್ಳುವುದನ್ನು ಅಭ್ಯಾಸ ಮಾಡಿ. ಆಮೇಲೆ ವಿಶ್ವಸಂಸ್ಥೆಯ ಸ್ವಯಂಸೇವಕರ ಕೆಲಸಕ್ಕೆ ಅರ್ಜಿ ಹಾಕಿ. ನಾನು ಕಲಿತ ಸ್ವಾಹಿಲಿ ಪುಸ್ತಕ ಇನ್ನೂ ನನ್ನ ಹತ್ತಿರ ಇದೆ. ಬೇಕಿದ್ದರೆ ಹೇಳಿ, ಕೊರಿಯರ್ ಮಾಡುತ್ತೇನೆ.