ಕಿರೀಟದ ಕೆಂಪು ಕಲ್ಲು ಮಾಣಿಕ್ಯವೇ?

ಪ್ರಶ್ನೆ: ಬ್ರಿಟನ್ನಿನ ರಾಜಕಿರೀಟದಲ್ಲಿರುವ ‘ಬ್ಲ್ಯಾಕ್ ಪ್ರಿನ್ಸ್ ರೂಬಿ’ ಮಾಣಿಕ್ಯವಲ್ಲ ಎನ್ನುತ್ತಾರೆ. ನಿಜವೇ? ಅಪ್ಪಟ ಮಾಣಿಕ್ಯದ ಹೆಚ್ಚುಗಾರಿಕೆಯೇನು?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಜ. ಅದು ಸ್ಪಿನೆಲ್ ಎಂಬ ಬೇರೆಯೇ ಖನಿಜ. ಮಾಣಿಕ್ಯವು ಅಲ್ಯೂಮಿನಿಯಂ ಆಕ್ಸೈಡಿನ, ಅಂದರೆ ಕುರುವಿಂದದ ಹರಳು; ಸ್ಪಿನೆಲ್‌ನಲ್ಲಿ ಮೆಗ್ನೀಸಿಯಮ್ಮೂ ಸೇರಿರುತ್ತದೆ. ಎರಡಕ್ಕೂ ಕೆಂಪು ಬರುವುದು ಕ್ರೋಮಿಯಂನಿಂದಲೇ ಆದ್ದರಿಂದ, 1783ರಲ್ಲಿ ಫ್ರಾನ್ಸಿನ ಖನಿಜತಜ್ಞ ರೋಮೆ ಡಿ ಲಿಲ್ ಇವೆರಡನ್ನೂ ಸ್ಪಷ್ಟವಾಗಿ ಬೇರ್ಪಡಿಸುವವರೆಗೆ ಯುರೋಪಿನಲ್ಲಿ ಈ ಗೊಂದಲ ಮುಂದುವರಿದಿತ್ತು. ಪರ್ಷಿಯನ್ ಬಲ್ಲ ರತ್ನಪರೀಕ್ಷಕರಾದರೋ ಬಹು ಹಿಂದೆಯೇ ಮಾಣಿಕ್ಯವನ್ನು ‘ಯಾಕೂತ್’ ಎಂದೂ ಬದಕ್ಷಾನಿನ (ಇಂದಿನ ಅಫ್ಘಾನಿಸ್ತಾನ–ತಜಿಕಿಸ್ತಾನ ಗಡಿಯ ಪ್ರದೇಶ) ಸ್ಪಿನೆಲ್ಲನ್ನು ‘ಲಾಲ್’ ಎಂದೂ ಕರೆದು ಪ್ರತ್ಯೇಕಿಸಿದ್ದರು. ಅವರ ಈ ಸೂಕ್ಷ್ಮದೃಷ್ಟಿಗೆ ಸಿಗಬೇಕಾದ ಮನ್ನಣೆ ಸಿಕ್ಕಿಲ್ಲವೆಂದೇ ನನ್ನ ಭಾವನೆ.

ಇನ್ನು ಹೆಚ್ಚುಗಾರಿಕೆ. ವಜ್ರಕ್ಕೆ 10 ಕೊಡುವ ಮೋಸ್ ಕಾಠಿಣ್ಯ ಮಾಪಕದಲ್ಲಿ ಮಾಣಿಕ್ಯಕ್ಕೆ 9, ಸ್ಪಿನೆಲ್‌ಗೆ 8. ಆದರೆ ಮನಸೆಳೆಯುವುದು ಮಾಣಿಕ್ಯದ ಬೆಳಕು. ಮ್ಯಾನ್ಮಾರಿನ ಮೊಗೋಕ್ ಕಣಿವೆಯಲ್ಲಿ ಮಾಣಿಕ್ಯಗಳು ಕಬ್ಬಿಣದ ಅಂಶ ತೀರ ಕಡಿಮೆಯಿರುವ ಅಮೃತಶಿಲೆಯಲ್ಲಿ ರೂಪುಗೊಂಡಿರುವುದರಿಂದ, ಬಿಸಿಲಿನ ಅತಿನೇರಳೆ ಕಿರಣ ತಾಗಿದಾಗ ಅವುಗಳೊಳಗಿನ ಕ್ರೋಮಿಯಂ ತಾನೇ ಕೆಂಪಾಗಿ ಹೊಳೆಯುತ್ತದೆ, ಕಲ್ಲಿನೊಳಗೆ ಕೆಂಡವಿಟ್ಟಂತೆ ಕಾಣುತ್ತದೆ. ಅಂತಹ 25.59 ಕ್ಯಾರಟ್ಟಿನ ‘ಸನ್‌ರೈಸ್ ರೂಬಿ’ 2015ರಲ್ಲಿ ಜಿನೀವಾದ ಹರಾಜಿನಲ್ಲಿ 3 ಕೋಟಿ ಡಾಲರಿಗೂ ಹೆಚ್ಚಿನ ಬೆಲೆಗೆ ಮಾರಾಟವಾಯಿತು.