ಕೈಯ ಮೇಲಿನ ನೇರಳೆ ಕಲೆಗಳು ರಕ್ತದ ದೋಷವೇ?

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಪೆಟ್ಟು ಬಿದ್ದ ನೆನಪಿಲ್ಲದಿದ್ದರೂ ಅವರ ಮುಂಗೈ ಮತ್ತು ಹಸ್ತದ ಹಿಂಬದಿಯಲ್ಲಿ ಆಗಾಗ ನೇರಳೆ ಬಣ್ಣದ ಕಲೆಗಳು ಮೂಡುತ್ತವೆ. ನೋವಿರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಪ್ಲೇಟ್‌ಲೆಟ್ ಸಂಖ್ಯೆ ಸರಿಯಾಗಿಯೇ ಇದೆ. ಎದೆಯ ಮೇಲೆ ಸಣ್ಣ ಕೆಂಪು ಗುಳ್ಳೆಗಳೂ ಇವೆ. ಇವೆರಡೂ ಒಂದೇ ಕಾಯಿಲೆಯ ಲಕ್ಷಣಗಳೇ?

ಉತ್ತರ: ಅಲ್ಲ. ವಯಸ್ಸಿನೊಂದಿಗೆ ಎರಡೂ ಕಾಣಿಸಿಕೊಳ್ಳುತ್ತವೆ, ಆದರೆ ಅವುಗಳ ಸ್ವರೂಪ ಬೇರೆ ಬೇರೆ.

ಚರ್ಮದ ಮೇಲ್ಪದರದಲ್ಲಿ ರಕ್ತನಾಳಗಳಿಲ್ಲ. ಅದಕ್ಕೆ ಬೇಕಾದ ಪೋಷಣೆಯೆಲ್ಲ ಒಳಚರ್ಮದಿಂದ ಮೇಲೇಳುವ, ಕುಣಿಕೆಯಾಕಾರದ ಅತಿ ಸೂಕ್ಷ್ಮ ಲೋಮನಾಳಗಳ ಮೂಲಕವೇ ಒದಗುತ್ತದೆ. ಎಳೆಯ ಚರ್ಮದಲ್ಲಿ ಈ ಎರಡು ಪದರಗಳು ಸೇರುವ ಗಡಿ ಏರುತಗ್ಗುಗಳಿಂದ ಕೂಡಿದ್ದು, ಒಂದೊಂದು ಉಬ್ಬಿನೊಳಗೂ ಲೋಮನಾಳ ಹಾದುಹೋಗುತ್ತದೆ. ವಯಸ್ಸಾದಂತೆ ಈ ಗಡಿ ಸಮತಟ್ಟಾಗುವುದರಿಂದ ಕುಣಿಕೆಗಳ ಸಂಖ್ಯೆಯೂ ಉದ್ದವೂ ಕುಗ್ಗುತ್ತವೆ. ಹಿರಿಯರ ಚರ್ಮ ಬಿಳಿಚಿದಂತೆ ಕಾಣುವುದಕ್ಕೂ ಗಾಯ ನಿಧಾನವಾಗಿ ಮಾಯುವುದಕ್ಕೂ ಇದು ಒಂದು ಕಾರಣ. ಸೆಕೆಯಲ್ಲಿ ಹಿಗ್ಗಿ ಶಾಖವನ್ನು ಹೊರಹಾಕುವ, ಚಳಿಯಲ್ಲಿ ಕುಗ್ಗಿ ಶಾಖವನ್ನು ಉಳಿಸಿಕೊಳ್ಳುವ ರಕ್ತನಾಳಗಳ ಶಕ್ತಿಯೂ ತಗ್ಗುವುದರಿಂದ, ವಯೋವೃದ್ಧರಿಗೆ ಬಿಸಿಲೂ ಚಳಿಯೂ ಬೇಗ ಬಾಧಿಸುತ್ತವೆ. ಮನೆಯವರು ಇದನ್ನು ಸಾಮಾನ್ಯವಾಗಿ ಗಮನಿಸುವುದಿಲ್ಲವೆಂಬುದು ನನಗೆ ಕಳವಳದ ಸಂಗತಿ.

ಇನ್ನು ನೇರಳೆ ಕಲೆಗಳ ವಿಷಯ. ಇಲ್ಲಿ ಕೊರತೆಯಿರುವುದು ರಕ್ತದಲ್ಲಿ ಅಲ್ಲ, ರಕ್ತನಾಳಗಳ ಸುತ್ತ ಇರಬೇಕಾದ ಆಧಾರದಲ್ಲಿ. ಹಲವು ವರ್ಷಗಳ ಬಿಸಿಲಿನಿಂದ ಒಳಚರ್ಮದ ಕೊಲಾಜೆನ್ ನಾರುಗಳು ಸವೆದು ಚರ್ಮ ತೆಳುವಾದಾಗ, ನಾಳಗಳಿಗೆ ಒತ್ತಾಸೆಯೇ ಇಲ್ಲದಂತಾಗಿ, ಬಾಗಿಲಿಗೆ ಕೈ ಉಜ್ಜಿದಷ್ಟು ಸಣ್ಣ ಘರ್ಷಣೆಗೂ ಅವು ಹರಿದು ರಕ್ತ ಸುತ್ತಲೂ ಹರಡುತ್ತದೆ. ಬಟ್ಟೆ ಮುಚ್ಚದ ಭಾಗಗಳಲ್ಲೇ ಕಲೆಗಳು ಹೆಚ್ಚಾಗಿ ಮೂಡುವುದು ಇದಕ್ಕಾಗಿಯೇ. ಬ್ರಿಟನ್ನಿನ ವೈದ್ಯ ಥಾಮಸ್ ಬೇಟ್‌ಮನ್ 1818ರಲ್ಲೇ ಇದನ್ನು ವಿವರಿಸಿದ್ದರಿಂದ ಇದಕ್ಕೆ ಅವರ ಹೆಸರೂ ಅಂಟಿಕೊಂಡಿದೆ. ಕಲೆಗಳು ಸಾಮಾನ್ಯವಾಗಿ ಒಂದರಿಂದ ಮೂರು ವಾರಗಳಲ್ಲಿ ಮಾಸುತ್ತವೆ. ಆದರೆ ಸೋರಿದ ರಕ್ತದ ಕಬ್ಬಿಣದ ಅಂಶ ಚರ್ಮದಲ್ಲೇ ಉಳಿದು ಕಂದು ಛಾಯೆ ಬಹುಕಾಲ ಇರಬಹುದು.

ಆಸ್ಪಿರಿನ್, ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳು, ಸ್ಟಿರಾಯ್ಡ್ ಮಾತ್ರೆ ಅಥವಾ ಮುಲಾಮುಗಳು ಈ ತೊಂದರೆಯನ್ನು ಹೆಚ್ಚಿಸುತ್ತವೆ. ತಾಯಿಯವರು ಇಂಥವನ್ನು ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ. ಆದರೆ ಕಲೆಗಳಿಗೆ ಹೆದರಿ ನೀವಾಗಿಯೇ ನಿಲ್ಲಿಸಲೇಬೇಡಿ, ಏಕೆಂದರೆ ಹೃದಯಾಘಾತ, ಪಾರ್ಶ್ವವಾಯುಗಳನ್ನು ತಡೆಯಲೆಂದು ಕೊಟ್ಟ ಔಷಧವನ್ನು ಬಿಡುವುದರ ಅಪಾಯ ಈ ಕಲೆಗಳಿಗಿಂತ ಎಷ್ಟೋ ದೊಡ್ಡದು. ಕಲೆಗಳನ್ನು ಪೂರ್ತಿ ತಡೆಯುವ ಮದ್ದಿಲ್ಲ. ತುಂಬುತೋಳಿನ ಉಡುಪು, ಬಿಸಿಲಿನಿಂದ ರಕ್ಷಿಸುವ ಲೇಪ, ಚರ್ಮವನ್ನು ಒಣಗಲು ಬಿಡದ ಮುಲಾಮು ನೆರವಾಗುತ್ತವೆ. ಅವರನ್ನು ಎಬ್ಬಿಸುವಾಗ ಮುಂಗೈ ಹಿಡಿದು ಎಳೆಯಬೇಡಿ.

ಎದೆಯ ಮೇಲಿನ ಕೆಂಪು ಗುಳ್ಳೆಗಳು, ನೀವು ವರ್ಣಿಸಿದಂತೆ ಚಿಕ್ಕವೂ ನೋವಿಲ್ಲದವೂ ಆಗಿದ್ದರೆ, ಬಹುಶಃ ಚೆರ್ರಿ ಆಂಜಿಯೋಮಾ. ಇಲ್ಲಿ ಲೋಮನಾಳಗಳು ಹರಿದಿರುವುದಿಲ್ಲ, ಒಂದೆಡೆ ಹೆಚ್ಚಾಗಿ ಬೆಳೆದು ಹಿಗ್ಗಿರುತ್ತವೆ. ಮೂವತ್ತು ದಾಟಿದ ಬಹಳ ಮಂದಿಯಲ್ಲಿ ಕಾಣಿಸುವ ಇವು ನಿರಪಾಯಕಾರಿ, ಚಿಕಿತ್ಸೆ ಅಗತ್ಯವಿಲ್ಲ. ಅವುಗಳಲ್ಲಿ ಯಾವುದಾದರೂ ಬೇಗ ಬೆಳೆದರೆ, ಬಣ್ಣ ಬದಲಿಸಿದರೆ ಅಥವಾ ಪದೇ ಪದೇ ರಕ್ತ ಒಸರಿದರೆ ಚರ್ಮವೈದ್ಯರಿಗೆ ತೋರಿಸಿ. ನೇರಳೆ ಕಲೆಗಳು ಕಾಲು, ಹೊಟ್ಟೆ, ಬೆನ್ನಿನ ಮೇಲೂ ಹಠಾತ್ತನೆ ಮೂಡಿದರೆ, ಅಥವಾ ಅವುಗಳೊಂದಿಗೆ ಒಸಡು, ಮೂಗಿನಿಂದ ರಕ್ತ ಬಂದರೆ, ಪ್ಲೇಟ್‌ಲೆಟ್ ಪರೀಕ್ಷೆ ಹಿಂದೆ ಸರಿಯಾಗಿತ್ತೆಂದು ಸುಮ್ಮನಿರದೆ ತಡಮಾಡದೆ ವೈದ್ಯರನ್ನು ಕಾಣಿರಿ.